ಹಿಮನಾಡಿಗೆ ಗಂಟುಮೂಟೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಚಳಿಯೆಂದರೆ ನಂದಿ ಬೆಟ್ಟದ ಕಡೆಯಿಂದ ಬೀಸಿ ಬರುವ ಚಳಿ. ಧನುರ್ಮಾಸದಲ್ಲಿ ಬಚ್ಚಲುಮನೆಯ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಶೀಸೆಯೊಳಗೆ ಬೆಳ್ಳಗೆ ಗಟ್ಟಿಯಾಯಿತೆಂದರೆ ಚಳಿ ಬಂದಿತೆಂದು ಲೆಕ್ಕ. ಅದನ್ನು ಒಲೆಯ ಮಗ್ಗುಲಲ್ಲಿಟ್ಟು ಕರಗಿಸಿದರೆ ಚಳಿಗೆ ತಕ್ಕ ಉತ್ತರ ಕೊಟ್ಟೆವೆಂದು ತೃಪ್ತಿ. ಹೊಲ ಕಾಯುವವನು ಕಂಬಳಿಯ ಕೊಪ್ಪೆ ಹಾಕಿಕೊಳ್ಳುತ್ತಾನೆ, ಮೇಷ್ಟರು ಮಫ್ಲರು ಸುತ್ತಿಕೊಳ್ಳುತ್ತಾರೆ. ಶಿವರಾತ್ರಿ ಬಂದೊಡನೆ ಆ ಚಳಿ 'ಶಿವ ಶಿವಾ' ಎನ್ನುತ್ತ ತಾನಾಗಿ ಹೊರಟುಹೋಗುತ್ತದೆ. ಇಂಥ ಸಾಧುಸ್ವಭಾವದ ಚಳಿಯನ್ನು ಮಾತ್ರ ಕಂಡವರು ಹಿಮದ ನಾಡಿಗೆ ಗಂಟುಮೂಟೆ ಕಟ್ಟಲು ಕುಳಿತರೆ ಏನಾಗುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ನನ್ನ ಅಕ್ಕನ ಊರು ಶಿಡ್ಲಘಟ್ಟದ ಸಮೀಪದ ಒಂದು ಹಳ್ಳಿ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಮಗ್ಗುಲಲ್ಲಿ ಹುಳು ಮನೆ. ಆಕೆಯ ಮಗ ಇಂಜಿನಿಯರು. ದೂರದರ್ಶಕಗಳ ವಿದ್ಯುತ್ ಉಪಕರಣಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ನಮ್ಮ ಸೀಮೆಗೂ ನಕ್ಷತ್ರಗಳಿಗೂ ನಂಟಿದೆಯೆಂಬುದು ನಿಮ್ಮಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಗೌರಿಬಿದನೂರಿನ ಬಳಿ ಹೊಲಗಳ ನಡುವೆ ಸಾವಿರ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿ, ಆಕಾಶದಿಂದ ಬರುವ ರೇಡಿಯೊ ಅಲೆಗಳಿಗೆ ಕಿವಿಗೊಡುವ ವೀಕ್ಷಣಾಲಯವೊಂದು ೧೯೭೬ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎರಡು ಸಂಸ್ಥೆಗಳಲ್ಲೊಂದಾದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೇ ಲಡಾಖಿನ ಹಾನ್ಲೆ ಎಂಬಲ್ಲಿ ಎರಡು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಸ್ಥಾಪಿಸಿತು. ೨೦೦೦ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬೆಳಕನ್ನು ಕಂಡಿತು. ಸುಬ್ರಹ್ಮಣ್ಯನ್ ಚಂದ್ರಶೇಖರರ ನೆನಪಿಗೆ ಅದಕ್ಕೆ ಹಿಮಾಲಯ ಚಂದ್ರ ದೂರದರ್ಶಕವೆಂದು ಹೆಸರು. ಅದನ್ನು ನಡೆಸುವವರು ಕುಳಿತಿರುವುದಾದರೂ ಎಲ್ಲಿ? ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಹಾದುಹೋಗುವ ನಮ್ಮ ಹೊಸಕೋಟೆಯಲ್ಲಿ! ಉಪಗ್ರಹದ ಮೂಲಕ ಇಲ್ಲಿಂದ ಅಪ್ಪಣೆ ಹೋಗುತ್ತದೆ, ಅಲ್ಲಿ ದೂರದರ್ಶಕ ತಿರುಗುತ್ತದೆ. ಆದರೆ ಸಡಿಲವಾದ ಒಂದು ತಿರುಪನ್ನು ಬಿಗಿಮಾಡಲು ಉಪಗ್ರಹಕ್ಕೆ ಬಾರದು. ಅದಕ್ಕೆ ಮನುಷ್ಯನೇ ಹೋಗಬೇಕು.

ಹಾಗೆ ಹೋಗಬೇಕಾದವರಲ್ಲಿ ನನ್ನ ಸೋದರಳಿಯನೂ ಒಬ್ಬನಾದ. ಅದೂ ಜನವರಿಯಲ್ಲಿ. ನಂದಿ ಬೆಟ್ಟದ ಎತ್ತರ ೧೪೭೮ ಮೀಟರ್. ಅಂಥ ಮೂರನ್ನು ಸಮುದ್ರಮಟ್ಟದಿಂದ ಒಂದರ ಮೇಲೊಂದು ಪೇರಿಸಿದರೂ ಸುಮಾರು ೪೫೦೦ ಮೀಟರ್ ಎತ್ತರದ ಆ ವೀಕ್ಷಣಾಲಯಕ್ಕೆ ಸ್ವಲ್ಪ ಕಡಿಮೆಯೇ. ಅಲ್ಲಿ ಉಸಿರಿಗೆ ಸಿಗುವ ಪ್ರಾಣವಾಯು ಕಡಲತೀರದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ ೨೫ ಡಿಗ್ರಿ ಕೆಳಕ್ಕೂ ಇಳಿಯುತ್ತದೆ.

ಹೊರಡುವ ವಾರ ನನಗೆ ಅಕ್ಕನಿಂದ ಕರೆ ಬಂತು. ನಾನು ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಹಿಮಾಲಯಕ್ಕೆ ಹೋಗಿ ಬಂದವನು. ಆದ್ದರಿಂದ ನಮ್ಮ ಬಂಧುಬಳಗದಲ್ಲಿ ಹಿಮದ ವಿಷಯಕ್ಕೆ ನಾನೇ ಅಧಿಕೃತ ವಿದ್ವಾಂಸ. ಹೋಗಿ ನೋಡಿದರೆ ನಡುಮನೆಯ ಜಮಖಾನದ ಮೇಲೆ ಮದುವೆಯ ಜವಳಿ ಹರಡಿದಂತೆ ಹರಡಿದ್ದಳು: ಹನ್ನೆರಡು ಹತ್ತಿಯ ಬನಿಯನ್ನುಗಳು, ದಪ್ಪನೆಯ ಕಾಲುಚೀಲಗಳು, ಎರಡು ಹೊದಿಕೆ, ಹುರಿಹಿಟ್ಟು, ಚಟ್ನಿಪುಡಿ, ಕಡಲೆಕಾಯಿ-ಬೆಲ್ಲದ ಉಂಡೆಗಳು, ಎಲ್ಲದರ ಮೇಲೆ ಕೊಬ್ಬರಿ ಎಣ್ಣೆಯ ಶೀಸೆ.

ನಾನು ಬನಿಯನ್ನುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಡತೊಡಗಿದೆ.

"ಯಾಕೋ ತೆಗೀತೀಯ? ಎಲ್ಲಾ ಹೊಸವು. ಒಂದರ ಮೇಲೊಂದು ಮೂರು ಹಾಕ್ಕೊಂಡರೆ ಯಾವ ಚಳಿ ಏನು ಮಾಡೀತು?" ಎಂದಳು ಅಕ್ಕ.

"ಇದನ್ನು ಹಾಕಿಕೊಂಡೇ ನಾನು ಕೆಟ್ಟಿದ್ದು" ಎಂದುಬಿಟ್ಟೆ. ಬಾಯಿ ಜಾರಿತ್ತು. ಆಕೆ ಬಿಡಲಿಲ್ಲ. ನಲವತ್ತು ವರ್ಷಗಳಿಂದ ಮುಚ್ಚಿಟ್ಟಿದ್ದ ಸಂಗತಿಯನ್ನು ಆ ದಿನ ಹೇಳಲೇಬೇಕಾಯಿತು.

ಆಗ ನನಗೆ ಇಪ್ಪತ್ತೈದು ವರ್ಷ. ನಾಲ್ಕಾರು ಗೆಳೆಯರು ಸೇರಿ ಗಢವಾಲಿನ ಕಡೆ ಚಾರಣಕ್ಕೆ ಹೋದೆವು. ಬೆನ್ನಿಗೆ ಭಾರ, ನೆತ್ತಿಗೆ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಬನಿಯನ್ನು ಬೆವರಿನಿಂದ ತೊಯ್ದು ಮೈಗೆ ಅಂಟಿಕೊಂಡಿತ್ತು. ನಾಲ್ಕು ಗಂಟೆಗೆ ಸೂರ್ಯ ಬೆಟ್ಟದ ಮರೆಗೆ ಸರಿದ. ಅಷ್ಟೇ ಸಾಕಾಯಿತು. ಬೆನ್ನಿಗೆ ಯಾರೋ ತಣ್ಣನೆಯ ಕಡಪ ಕಲ್ಲನ್ನು ಒತ್ತಿ ಹಿಡಿದಂತೆ ಆ ಬನಿಯನ್ನು ಮೈಯ ಬಿಸಿಯನ್ನೆಲ್ಲ ಹೀರಿತು. ಕಾಲಿಗೋ, ಚಳಿಯೆಂದು ಎರಡು ಜೊತೆ ದಪ್ಪ ಕಾಲುಚೀಲಗಳನ್ನು ತುರುಕಿ, ಬೂಟಿನ ದಾರವನ್ನು ಎಳೆದು ಬಿಗಿದಿದ್ದೆ. ಬಿಗಿಯಾದಷ್ಟೂ ಬೆಚ್ಚಗೆ ಎಂದು ನನ್ನ ತರ್ಕ. ರಾತ್ರಿ ಬೆರಳುಗಳು ಸಹಿಸಲಾರದಷ್ಟು ನೋಯತೊಡಗಿದವು. ಆಮೇಲೆ, ಮಿತ್ರರೆ, ನೋವು ನಿಂತಿತು. ನಾನು ಸಂತೋಷಪಟ್ಟು ನಿದ್ದೆಹೋದೆ. ಆ ಸಂತೋಷಕ್ಕಿಂತ ದೊಡ್ಡ ಮೌಢ್ಯ ನನ್ನ ಬದುಕಿನಲ್ಲಿ ಮತ್ತೊಂದಿಲ್ಲ. ಹಿಮದಲ್ಲಿ ನೋಯುತ್ತಿರುವ ಬೆರಳು ಇನ್ನೂ ಬದುಕಿರುವ ಬೆರಳು. ನೋವು ನಿಂತಿತೆಂದರೆ ಅಲ್ಲಿಗೆ ರಕ್ತ ತಲುಪುತ್ತಿಲ್ಲವೆಂದು ಅರ್ಥ. ಊರಿಗೆ ಬಂದ ಮೇಲೆ ಎಡಗಾಲಿನ ಕಿರುಬೆರಳಿನ ತುದಿ ಕಪ್ಪಾಯಿತು. ವೈದ್ಯರು ಅದನ್ನು ತೆಗೆದರು. ಕಲ್ಲು ಬಿತ್ತೆಂದು ಮನೆಯಲ್ಲಿ ಹೇಳಿದ್ದೆ.

ಕಾಲುಚೀಲ ತೆಗೆದು ತೋರಿಸಿದೆ. ಅಕ್ಕ ಬಹಳ ಹೊತ್ತು ನೋಡಿದಳು. "ಇಷ್ಟು ವರ್ಷ ಸುಳ್ಳು ಹೇಳಿದೆಯಲ್ಲೋ" ಎಂದಳಷ್ಟೆ. ಆಮೇಲೆ ಆ ಹನ್ನೆರಡು ಬನಿಯನ್ನುಗಳನ್ನು ತಾನೇ ಎತ್ತಿ ಒಳಗಿಟ್ಟು ಬಂದಳು.

ಬಟ್ಟೆ ನಮ್ಮನ್ನು ಬೆಚ್ಚಗಿಡುವುದೆಂಬುದು ಒಂದು ಭ್ರಮೆ. ಬಿಸಿಯನ್ನು ಹುಟ್ಟಿಸುವುದು ಮೈ. ಅದನ್ನು ಹಿಡಿದಿಡುವುದು ಗಾಳಿ. ಆ ಗಾಳಿ ಕದಲದಂತೆ ಕಾಯುವುದಷ್ಟೇ ಬಟ್ಟೆಯ ಪಾಲಿನ ಕೆಲಸ. ನಮ್ಮ ಕುರುಬರ ಕಂಬಳಿ ಒರಟಾಗಿ, ಗುಂಗುರಾಗಿ ಇರುವುದರಲ್ಲೇ ಅದರ ಗುಣವಿದೆ: ಎಳೆಎಳೆಯ ಸಂದಿನಲ್ಲೂ ಗಾಳಿ ಕುಳಿತಿರುತ್ತದೆ. ಇದರ ಶತ್ರು ನೀರು. ಕದಲದ ಗಾಳಿಗಿಂತ ಇಪ್ಪತ್ತೈದು ಪಟ್ಟು ಹೆಚ್ಚು ಸಲೀಸಾಗಿ ನೀರು ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಹತ್ತಿ ಒದ್ದೆಯಾದೊಡನೆ ಅದರ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬುತ್ತದೆ, ಬಟ್ಟೆ ಕುಸಿದು ಮೈಗೆ ಅಂಟುತ್ತದೆ, ಬೇಗನೆ ಒಣಗುವುದೂ ಇಲ್ಲ. ಉಣ್ಣೆ ಹಾಗಲ್ಲ. ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಅಡಗಿಸಿಕೊಂಡು, ಮುಟ್ಟಿದರೆ ಒಣಗಿದಂತೆಯೇ ಇರಬಲ್ಲದು. ರೇಷ್ಮೆಯ ಸ್ವಭಾವವೂ ಬಹುಮಟ್ಟಿಗೆ ಹೀಗೆಯೇ.

ಇದನ್ನೆಲ್ಲ ನಾನು ಪಾಠದಂತೆ ಹೇಳುತ್ತಿದ್ದಾಗ ಅಕ್ಕ ನಡುವೆ ಬಾಯಿ ಹಾಕಿದಳು. "ಅಂದರೆ ಹುಳಕ್ಕೆ ಒದ್ದೆ ಸೊಪ್ಪು ಹಾಕಬಾರದು ಅಂತೀವಲ್ಲ, ಹಾಗೆ." ನನ್ನ ಮಾತು ಅಲ್ಲಿಗೆ ನಿಂತಿತು. ರೇಷ್ಮೆ ಸಾಕುವವರಿಗೆ ತೇವವೆಂದರೆ ಏನೆಂದು ನಾನು ಹೇಳಿಕೊಡಬೇಕೆ? ಮಳೆಯಲ್ಲಿ ನೆನೆದ ಸೊಪ್ಪನ್ನು ಹರಡಿ ಆರಿಸುತ್ತಾರೆ. ತಟ್ಟೆಯ ಹಾಸು ಒದ್ದೆಯಾದರೆ ರೋಗ ಬರುವುದೆಂದು ಅಂಜುತ್ತಾರೆ. ಧನುರ್ಮಾಸದ ಚಳಿಗೆ ಹುಳು ಮನೆಯಲ್ಲಿ ಕೆಂಡವಿಟ್ಟರೂ ಗಾಳಿ ಆಡಲು ಕಿಂಡಿ ಬಿಡುತ್ತಾರೆ. ಬೆಚ್ಚಗಿರಬೇಕು, ಆದರೆ ಬೇಯಬಾರದು, ಬೆವರಬಾರದು. ಹಿಮಕ್ಕೆ ಹೋಗುವವನ ಉಡುಪಿನ ಶಾಸ್ತ್ರವೆಲ್ಲ ಇಷ್ಟೆ. ಅಕ್ಕನಿಗೆ ಅದು ಹುಳು ಮನೆಯಲ್ಲಿ ಎಂದೋ ಸಿದ್ಧಿಸಿತ್ತು.

ಗೂಡನ್ನೇ ನೋಡಿ. ನಾಲ್ಕು ಜ್ವರ ಕಳೆದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ, ಮೊದಲು ಹೊರಗೆ ಸಡಿಲವಾದ ನವಿರಾದ ಎಳೆಗಳನ್ನು ಹಾಸುತ್ತದೆ. ಅದರೊಳಗೆ ಪದರದ ಮೇಲೆ ಪದರವಾಗಿ ಗಟ್ಟಿ ಗೋಡೆ. ತೀರ ಒಳಗೆ, ಮೈಗೆ ಹತ್ತಿರ, ತೆಳ್ಳನೆಯ ಅಸ್ತರಿ. ಗಾಳಿ ನುಗ್ಗದು, ಒಳಗಿನ ಉಸಿರೂ ಕಟ್ಟದು. ಹುಳು ಇದನ್ನು ಚಳಿಗಾಗಿಯೇ ಕಟ್ಟುತ್ತದೆಂದು ಹೇಳಲಾರೆ. ಆದರೂ ಹಿಮದ ಯಾತ್ರಿಕ ಒಳಗೊಂದು, ನಡುವೆ ಎರಡು, ಹೊರಗೊಂದು ಎಂದು ಪದರಪದರವಾಗಿ ಉಡುವುದನ್ನು ಕಂಡಾಗ ನನಗೆ ನೆನಪಾಗುವುದು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಗೂಡುಗಳೇ.

ಬೆವರು ಎಂಥ ವೈರಿಯೆಂಬುದಕ್ಕೆ ದಕ್ಷಿಣಧ್ರುವದ ಒಂದು ಪ್ರಸಂಗ ಹೇಳಬೇಕು. ೧೯೧೧ರ ನಡುಚಳಿಗಾಲದಲ್ಲಿ, ಹಗಲೆಂಬುದೇ ಇಲ್ಲದ ದಿನಗಳಲ್ಲಿ, ಕ್ಯಾಪ್ಟನ್ ಸ್ಕಾಟನ ತಂಡದ ವಿಲ್ಸನ್, ಬೋವರ್ಸ್, ಚೆರ್ರಿ-ಗೆರಾರ್ಡ್ ಎಂಬ ಮೂವರು ಪೆಂಗ್ವಿನ್ ಪಕ್ಷಿಯ ಮೊಟ್ಟೆ ತರಲು ಐದು ವಾರಗಳ ಯಾತ್ರೆ ಹೋದರು. ಉಷ್ಣತೆ ಶೂನ್ಯಕ್ಕಿಂತ ೬೦ ಡಿಗ್ರಿ ಕೆಳಗೆ ಮುಟ್ಟಿತು. ಜಾರುಬಂಡಿಯನ್ನು ತಾವೇ ಎಳೆಯುತ್ತಿದ್ದರು, ಆದ್ದರಿಂದ ಬೆವರುತ್ತಿದ್ದರು. ಬೆವರು ಬಟ್ಟೆಯಲ್ಲೇ ಮಂಜುಗಡ್ಡೆಯಾಯಿತು. ಮಲಗುವ ಚೀಲಗಳು ಹಿಂದಿರುಗುವ ಹೊತ್ತಿಗೆ ಹೊರಟಾಗಿನ ತೂಕದ ಎರಡರಷ್ಟಕ್ಕೂ ಮೀರಿದ್ದವು. ಹೆಚ್ಚಿದ್ದೆಲ್ಲ ಅವರ ಉಸಿರು, ಅವರ ಬೆವರು. ಒಂದು ಬೆಳಿಗ್ಗೆ ಚೆರ್ರಿ-ಗೆರಾರ್ಡ್ ಗುಡಾರದಿಂದ ಹೊರಬಂದು ಸುತ್ತ ನೋಡಲು ತಲೆಯೆತ್ತಿದ. ತಲೆ ತಗ್ಗಿಸಲಾಗಲಿಲ್ಲ. ಹದಿನೈದು ಸೆಕೆಂಡಿನೊಳಗೆ ಉಡುಪು ಮರದ ಹಲಗೆಯಂತೆ ಸೆಟೆದುಹೋಗಿತ್ತು; ನಾಲ್ಕು ಗಂಟೆಗಳ ಕಾಲ ಕತ್ತು ಮೇಲೆತ್ತಿಕೊಂಡೇ ಬಂಡಿ ಎಳೆದ. ಅಂದಿನಿಂದ ಮೂವರೂ ಹೊರಗೆ ಬಂದೊಡನೆ, ಬಟ್ಟೆ ಸೆಟೆಯುವ ಮೊದಲು, ಬಂಡಿ ಎಳೆಯುವ ಭಂಗಿಯಲ್ಲಿ ಬಗ್ಗಿ ನಿಲ್ಲುತ್ತಿದ್ದರಂತೆ! ನಗುವಂತಿದೆ, ನಗಲು ಮನಸ್ಸು ಬಾರದು.

ಅದೇ ವರ್ಷ ಡಿಸೆಂಬರಿನಲ್ಲಿ ಧ್ರುವವನ್ನು ಮೊದಲು ಮುಟ್ಟಿದ ಅಮುಂಡ್ಸೆನ್ ಆರ್ಕ್ಟಿಕ್‌ನ ಎಸ್ಕಿಮೊ ಜನರ ಜೊತೆ ಎರಡು ಚಳಿಗಾಲ ಕಳೆದು, ಸಡಿಲವಾದ ತುಪ್ಪಳದ ಉಡುಪು ತೊಡುವುದನ್ನು ಅವರಿಂದ ಕಲಿತಿದ್ದ. ಬಂಡಿ ಎಳೆಯುವ ಕೆಲಸವನ್ನು ನಾಯಿಗಳಿಗೆ ಬಿಟ್ಟಿದ್ದ. ಎವರೆಸ್ಟಿನ ಕತೆಯೂ ಸ್ವಾರಸ್ಯವಾಗಿದೆ. ೧೯೨೨ರ ತಂಡದಲ್ಲಿ ಫಿಂಚ್ ಎಂಬಾತ ಬಲೂನಿನ ಬಟ್ಟೆಯೊಳಗೆ ಬಾತಿನ ನವಿರು ಗರಿ ತುಂಬಿಸಿ ಹೊಲಿಸಿದ ದಪ್ಪ ಕೋಟನ್ನು ತಂದಾಗ ಉಳಿದವರು ನಕ್ಕರು. ಮೇಲೆ ಹೋದ ಬಳಿಕ ಹೊಟ್ಟೆಕಿಚ್ಚುಪಟ್ಟರು. ೧೯೨೪ರಲ್ಲಿ ಕಣ್ಮರೆಯಾದ ಮ್ಯಾಲರಿಯ ದೇಹ ೧೯೯೯ರಲ್ಲಿ ದೊರೆತಾಗ ಅವನ ಮೈಮೇಲಿದ್ದ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿದರು. ರೇಷ್ಮೆ, ಹತ್ತಿ, ಉಣ್ಣೆ, ಮೇಲೆ ಗಾಳಿ ತಡೆಯುವ ಗ್ಯಾಬರ್ಡೀನ್, ಹೀಗೆ ಹಲವು ತೆಳು ಪದರಗಳು. ಅದೇ ಮಾದರಿಯಲ್ಲಿ ಹೊಲಿಸಿದ ಉಡುಪನ್ನು ೨೦೦೬ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲೇ ತೊಟ್ಟು ನೋಡಿದಾಗ ಅದು ಹಗುರವೂ ಹಿತವೂ ಆಗಿದ್ದುದು ತಿಳಿಯಿತು. ರೇಷ್ಮೆ ಒಂದರ ಮೇಲೊಂದು ಜಾರುತ್ತದೆ, ಆದ್ದರಿಂದ ಕೈಕಾಲು ಆಡಿಸುವಾಗ ಪದರಗಳು ಹಿಡಿಯುವುದಿಲ್ಲ. ಇದನ್ನು ಹೇಳಿದಾಗ ಅಕ್ಕನ ಮುಖದಲ್ಲಿ ಕಂಡ ಹೆಮ್ಮೆಯನ್ನು ನೀವು ನೋಡಬೇಕಿತ್ತು.

ಚಳಿಯ ನಾಡಿಗೆ ಹೋಗುವವರೆಲ್ಲ ಸಾಹಸಿಗಳೂ ವಿಜ್ಞಾನಿಗಳೂ ಅಲ್ಲ. ನಮ್ಮ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದ ಹುಡುಗರನ್ನು ಸಿಯಾಚಿನ್ ಕರೆಯುತ್ತದೆ. ೨೦೧೬ರ ಫೆಬ್ರವರಿಯಲ್ಲಿ ಅಲ್ಲಿ ೧೯,೬೦೦ ಅಡಿ ಎತ್ತರದ ನೆಲೆಯ ಮೇಲೆ ಹಿಮ ಕುಸಿಯಿತು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಹಿಮದಡಿಯಿಂದ ಜೀವಸಹಿತ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ೧೧ರಂದು ತೀರಿಕೊಂಡರು. ಆ ದಿನಗಳಲ್ಲಿ ಕನ್ನಡನಾಡೆಲ್ಲ ಉಸಿರು ಬಿಗಿಹಿಡಿದದ್ದು ನೆನಪಿದೆ. ೨೦೨೦ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯೊಂದು, ಎತ್ತರದ ನೆಲೆಗಳ ಸೈನಿಕರಿಗೆ ಹಿಮದ ಉಡುಪು, ಕನ್ನಡಕ ಮೊದಲಾದವನ್ನು ಒದಗಿಸುವುದರಲ್ಲಿ ವರ್ಷಗಟ್ಟಲೆ ತಡವಾದುದನ್ನು ಎತ್ತಿ ತೋರಿಸಿತು. ನನ್ನ ಅಳಿಯನ ಚೀಲವನ್ನು ಮೂವರು ಕುಳಿತು ಕಟ್ಟಿದೆವು. ಅವರ ಚೀಲವನ್ನು ಕಟ್ಟಬೇಕಾದವರು ನಾವೆಲ್ಲರೂ ಎಂದು ನನಗೆ ಅನ್ನಿಸಿದ್ದುಂಟು.

ಮತ್ತೆ ಜಮಖಾನದ ಬಳಿಗೆ ಬರೋಣ. ಬೂಟುಗಳನ್ನು ಮಾಮೂಲಿಗಿಂತ ಒಂದು ಅಳತೆ ದೊಡ್ಡದಾಗಿ ಕೊಂಡೆವು. ಒಳಗೆ ಒಂದು ತೆಳು ಕಾಲುಚೀಲ, ಮೇಲೆ ಒಂದು ದಪ್ಪದ್ದು. ಅಷ್ಟಾದ ಮೇಲೂ ಬೆರಳುಗಳು ಬೂಟಿನೊಳಗೆ ತಾಳ ಹಾಕುವಂತಿರಬೇಕು. ತಾಳ ಹಾಕಿಸಿಯೇ ನೋಡಿದೆ. ಗರಿ ತುಂಬಿದ ಕೋಟು ಒದ್ದೆಯಾದರೆ ಮುದುಡಿ ಕೆಲಸಕ್ಕೆ ಬಾರದಾಗುವುದರಿಂದ ಅದಕ್ಕೆ ನೀರು ಹೋಗದ ಪ್ರತ್ಯೇಕ ಚೀಲ. ಹೊರಮೈಗೆ ಗಾಳಿ ಕಡಿಯುವ ಅಂಗಿ. ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿರುವಾಗ ಗಂಟೆಗೆ ೩೦ ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ೩೩ ಡಿಗ್ರಿ ಕೆಳಗಿನ ಚಳಿಯಂತೆ ತಗಲುತ್ತದೆ. ಒಂದು ಜೊತೆ ಒಳ ಉಡುಪನ್ನು ರಾತ್ರಿಗೆಂದೇ ಬೇರೆ ಕಟ್ಟಿ, ಹಗಲಿನಲ್ಲಿ ಏನೇ ಆದರೂ ಅದನ್ನು ಮುಟ್ಟಕೂಡದೆಂದು ಆಣೆ ಹಾಕಿಸಿದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು. ಹೆಪ್ಪು ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಕಡೆ ನೀರು ನೀರಾಗಿಯೇ ಉಳಿಯುತ್ತದೆ. ಬ್ಯಾಟರಿಗಳು ಚಳಿಗೆ ಸೊರಗುತ್ತವೆ. ಅವಕ್ಕೆ ಎದೆಯ ಬಳಿಯ ಜೇಬು.

ಹೆಚ್ಚು ಚರ್ಚೆ ನಡೆದದ್ದು ಕೈಗಳ ಬಗ್ಗೆ. ಬೆರಳುಗಳು ಒಟ್ಟಿಗಿರುವ ಚೀಲದಂಥ ಕೈಗವಸು ಐದು ಬೆರಳು ಬೇರೆಬೇರೆಯಾದ ಕೈಗವಸಿಗಿಂತ ಬೆಚ್ಚಗೆ. ಬೆರಳುಗಳೂ ಒಟ್ಟುಕುಟುಂಬದಲ್ಲೇ ಸುಖವಾಗಿರುತ್ತವೆ ಎಂದು ಅಕ್ಕ ಸೊಸೆ ಕೇಳಿಸಿಕೊಳ್ಳುವಂತೆ ಹೇಳಿದಳು. ಆದರೆ ಅದನ್ನು ತೊಟ್ಟು ತಿರುಪು ತಿರುಗಿಸಲಾಗದು. ಬರಿಗೈಯಲ್ಲಿ ಮುಟ್ಟಿದರೆ ತಣ್ಣನೆಯ ಲೋಹ ಚರ್ಮವನ್ನು ಕಚ್ಚಿಕೊಳ್ಳುತ್ತದೆ. ಅದಕ್ಕೆ ಉಪಾಯ, ಒಳಗೆ ರೇಷ್ಮೆಯ ತೆಳು ಕೈಗವಸು. ಹೊರಗಿನದನ್ನು ಕಳಚಿ ಕೆಲಸ ಮಾಡುವ ಅರೆನಿಮಿಷ ಅದು ಕಾಯುತ್ತದೆ. ಹೊರಗಿನದು ಗಾಳಿಗೆ ಹಾರಿಹೋಗದಂತೆ, ಹೋರಿಯ ಕೊರಳ ಗಂಟೆಯಂತೆ, ದಾರ ಕಟ್ಟಿ ಕೊರಳಿಗೆ ಹಾಕಿದೆವು. ಉಪಕರಣಗಳ ಹಿಡಿಕೆಗಳಿಗೆಲ್ಲ ಬಟ್ಟೆಯ ಪಟ್ಟಿ ಸುತ್ತಿದೆವು. ರೇಷ್ಮೆಯ ಕೈಗವಸಿಗಾಗಿ ಬೆಂಗಳೂರಿನ ಅಂಗಡಿಗಳನ್ನು ಸುತ್ತಿದಾಗ ಕೊನೆಗೆ ಸಿಕ್ಕಿದ್ದು ಪರದೇಶದ ಚೀಟಿ ಅಂಟಿದ್ದು. ಶಿಡ್ಲಘಟ್ಟದ ರೇಷ್ಮೆ ಎಲ್ಲೆಲ್ಲಿಯೋ ಹೋಗಿ ಸೀರೆಯಾಗುತ್ತದೆ. ಶಿಡ್ಲಘಟ್ಟದ ಹುಡುಗನ ಬೆರಳಿಗೆ ಬೇಕಾದಾಗ ಹಡಗು ಹತ್ತಿ ಬರಬೇಕು!

ಅಕ್ಕನಿಗೆ ಇದು ಸರಿಬರಲಿಲ್ಲ. ಮರುದಿನ ನಾನು ಏಳುವಷ್ಟರಲ್ಲಿ ತನ್ನ ಪೆಟ್ಟಿಗೆಯಿಂದ ಹಳೆಯದೊಂದು ರೇಷ್ಮೆ ಸೀರೆಯನ್ನು ತೆಗೆದು ಹೊಲಿಗೆಯಂತ್ರದ ಮುಂದೆ ಕುಳಿತಿದ್ದಳು. ಜರಿಯ ಅಂಚನ್ನೂ ಸೆರಗನ್ನೂ ಕತ್ತರಿಸಿ ಬದಿಗಿಟ್ಟಿದ್ದಳು. "ಜರಿ ಲೋಹ ಅಲ್ವೇನೋ? ಮೈಗೆ ತಣ್ಣಗಾಗುತ್ತೆ" ಎಂದಳು. ಅದನ್ನು ನಾನು ಹೇಳಿರಲಿಲ್ಲ. ತುಂಬುತೋಳಿನ ಸಡಿಲ ಒಳ ಅಂಗಿ ಎರಡು ಆದವು. ಸೀರೆ ಯಾವುದೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು.

ಚೀಲ ತುಂಬುವಾಗ, ಮೊದಲು ಬೇಕಾಗುವುದು ಮೇಲಕ್ಕೆ, ಪ್ರತಿಯೊಂದೂ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ, ಕತ್ತಲೆಯಲ್ಲೂ ಕೈ ಹಾಕಿದರೆ ಸಿಗುವಂತೆ. ಬೂಟು ಮಾತ್ರ ಕಾಲಲ್ಲೇ ಇರಲಿ ಎಂದೆ. ವಿಮಾನದಲ್ಲಿ ಸಾಮಾನು ಕಳೆದರೆ ಸ್ವೆಟರನ್ನು ಲೇಹದಲ್ಲಿ ಕೊಳ್ಳಬಹುದು, ಯಾರಿಂದಲಾದರೂ ಬೇಡಿ ತೊಡಬಹುದು. ಕಾಲಿಗೆ ಹೊಂದಿದ ಬೂಟನ್ನು ಯಾರೂ ಸಾಲ ಕೊಡಲಾರರು. ಲೇಹದಲ್ಲಿ ಕೆಲವು ದಿನ ಸುಮ್ಮನೆ ಕುಳಿತು ಎತ್ತರಕ್ಕೆ ಮೈಯನ್ನು ಒಗ್ಗಿಸಿಕೊಂಡು ಆಮೇಲೆ ಮುಂದಕ್ಕೆ ಹೊರಡಬೇಕೆಂದೂ ಹೇಳಿ ಕಳಿಸಿದೆ. ಹುರಿಹಿಟ್ಟೂ ಕಡಲೆಕಾಯಿ ಉಂಡೆಯೂ ಹೋದವು. ಬೆವರದಂತೆ ಬಿಸಿ ಕೊಡುವ ಸೌದೆ ಅವು. ಕೊಬ್ಬರಿ ಎಣ್ಣೆಯನ್ನು ನಾನು ತೆಗೆದಿಟ್ಟೆ. ನಾನು ಬೆನ್ನು ತಿರುಗಿಸಿದಾಗ ಅಕ್ಕ ಅದನ್ನು ಮತ್ತೆ ಒಳಗಿಟ್ಟಳೆಂದು ಆಮೇಲೆ ತಿಳಿಯಿತು.

ಮಾಘ ಕಳೆಯುವ ಹೊತ್ತಿಗೆ ಹುಡುಗ ಹಿಂದಿರುಗಿದ. ಎಣ್ಣೆಯ ಶೀಸೆ ಮುಚ್ಚಳ ತೆರೆಯದೆ ಹಾಗೆಯೇ ಬಂದಿತ್ತು. ಅಲ್ಲಿದ್ದಷ್ಟು ದಿನವೂ ಅದು ಕಲ್ಲಾಗಿತ್ತಂತೆ. ಚೀಲದಂಥ ಕೈಗವಸನ್ನು ಅಲ್ಲಿಯ ಕಾವಲುಗಾರನಿಗೆ ಕೊಟ್ಟು ಬಂದಿದ್ದ. ಸೀರೆಯ ಅಂಗಿಗಳಲ್ಲಿ ಒಂದು ಹಗಲಿನದು, ಒಂದು ರಾತ್ರಿಯದು, ಆಣೆಗೆ ತಪ್ಪಿರಲಿಲ್ಲ. ಅಕ್ಕ ಅವನನ್ನು ಜಗಲಿಯ ಮೇಲೆ ಕೂರಿಸಿ, ಬೂಟು ಕಳಚಿಸಿ, ಕಾಲುಚೀಲ ತೆಗೆಸಿ, ಒಂದೊಂದು ಬೆರಳನ್ನೂ ಹಿಡಿದು ಒತ್ತಿ ಎಣಿಸಿದಳು. ನಾನೂ ಬಂದು ನಿಂತಿದ್ದೇನೆಂಬುದು ಆಕೆಗೆ ನೆನಪಾದದ್ದು ಹತ್ತನ್ನೂ ಎಣಿಸಿ ಮುಗಿಸಿದ ಮೇಲೆಯೇ.